ರಾಕ್ಷಸನಿಗೆ ಊಟ ಬಡಿಸಿದ ಅತ್ತೆ

ಯಲ್ದೂರು,
೧೨-೫-೧೯೮೪

ನನ್ನ ಮುದ್ದು ಅಣ್ಣನಿಗೆ,

ನಾನಿಲ್ಲಿ ಎಷ್ಟು ಸುಖವಾಗಿದ್ದೇನೆಂದು ಬರೆಯಲು ಈ ಇನ್‌ಲ್ಯಾಂಡ್ ಲೆಟರ್ ಸಾಲದು! ಇವರಂತೂ ಚಿನ್ನ! ಆದರೂ ನಿನ್ನೆ ಒಂದು ತಪ್ಪು ಮಾಡಿಬಿಟ್ಟೆ.

ಮದುವೆಗೆ ನೀನು ಕೊಟ್ಟ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕಥೆ ಕಟ್ಟುವ ಆಟ ಆಡಿದೆವು. ಕಥೆ ನಡೆಸುವವಳು, ತೀರ್ಪು ಹೇಳುವವಳು ನಾನು. ಇವರು ರಾಜಕುಮಾರನ ಪಾತ್ರ ತೆಗೆದುಕೊಂಡರು. ಅತ್ತೆ ಮಾತ್ರ, "ನಾನು ನಾನೇ ಆಗಿರ್ತೀನಿ ಕಣಮ್ಮ" ಎಂದರು. ಗುಹೆಯಲ್ಲಿ ರಾಕ್ಷಸ ಎದುರಾದಾಗ ಇವರು ಕತ್ತಿ ಹಿರಿದರು. ಅತ್ತೆ ಅವನನ್ನು ಕೂರಿಸಿ ಮುದ್ದೆ, ಹುರುಳಿ ಸಾರು ಬಡಿಸುತ್ತೇನೆಂದರು. ಅವನು ಉಂಡ. ನಾನು ದಾಳ ಉರುಳಿಸಿ, ನಿಯಮದ ಪ್ರಕಾರ ಅವನು ನಿಮ್ಮನ್ನು ಕೊಂದ ಅತ್ತೆ, ಎಂದೆ.

"ನಾನು ಇಕ್ಕಿದ್ದು ಉಂಡೋನು ನನ್ನನ್ನೇ ಹೊಡೀತಾನೇನಮ್ಮಾ?"

"ರೂಲ್ಸ್ ಅತ್ತೆ!" ಎಂದು ನಕ್ಕೆ.

"ಅಯ್ಯೋ, ಆಟ ಕಣಮ್ಮಾ" ಎಂದು ಇವರೂ ನಕ್ಕರು.

ಅತ್ತೆ ಎದ್ದು ಒಳಗೆ ಹೋದರು. ಇವತ್ತು ನನಗೆ ಬಡಿಸುವಾಗ ಮುಖ ನೋಡಲಿಲ್ಲ.

ತೀರ್ಪು ಬದಲಿಸುವ ಹಕ್ಕು ನನಗಿತ್ತು ಅಣ್ಣ, ಬದಲಿಸಲಿಲ್ಲ. ಮುಂದಿನ ಭಾನುವಾರ ಬಂದುಬಿಡು, ಇನ್ನೊಮ್ಮೆ ಆಡೋಣ. ಈ ಸಲ ತೀರ್ಪು ನಿನ್ನದು; ಉಂಡ ರಾಕ್ಷಸ ಅತ್ತೆಯ ಕಾಲಿಗೆ ಬಿದ್ದನೆಂದು ನೀನೇ ಹೇಳು. ನಾನು ಹೇಳಿದರೆ ಅತ್ತುಬಿಡುತ್ತೇನೆ.

ನಿನ್ನ ತಂಗಿ,
ಸುಕನ್ಯ