ಮನೆಯವರ ಹೆಸರು

ಇಳಕಲ್ಲ
೧೮ ಡಿಸೆಂಬರ್ ೧೯೮೩

ಮನೆಯವರಿಗೆ ಶರಣು.

ಹೊಸಪೇಟೆಯ ಥಂಡಿಗೆ ಮಫ್ಲರ್ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಉತ್ತರ ತಡವಾಯಿತು, ಸಿಟ್ಟಾಗಬೇಡಿ. ಬಾಗಲಕೋಟೆಯಿಂದ ಬಂದಾಗಿನಿಂದ ಗಂಟಲು ಕಟ್ಟಿದೆ. ಗಂಟಲಿಗೂ ಪತ್ರಕ್ಕೂ ಏನು ಸಂಬಂಧ ಎನ್ನುತ್ತೀರಿ. ಹೇಳುತ್ತೇನೆ, ಕೇಳಿ.

ಅಲ್ಲಿಯ ವಿದ್ಯಾಗಿರಿಗೆ ನಾಟಕದ ಶಿಬಿರಕ್ಕೆ ಹೋಗಿದ್ದೆನಲ್ಲ. ಸಂಜೆ ಗುಂಪು ಕಟ್ಟಬೇಕು, ರಾತ್ರಿಯೆಲ್ಲ ಕೂತು ಹೊಸ ನಾಟಕ ಹುಟ್ಟಿಸಬೇಕು, ಬೆಳಗಾಗುತ್ತಲೇ ಆಡಿ ತೋರಿಸಬೇಕು. ಗೆದ್ದ ಗುಂಪು ಧಾರವಾಡದ ಸ್ಪರ್ಧೆಗೆ. "ಎಮ್ಮಿ ಈಯೂದಕ್ಕೂ ಇದಕಿಂತ ಹೆಚ್ಚ ಹೊತ್ತ ಹಿಡಿತೈತಿ" ಎಂದರು ನಮ್ಮ ಗುಂಪಿನ ಜಾಫರಸಾಬರು. ಹುನಗುಂದದಲ್ಲಿ ಟೇಲರ್.

ಆದರೂ ಚಹಾ ಮುಗಿಯುವುದರೊಳಗೆ ಕಥೆ ಹೊಲಿದೇಬಿಟ್ಟರು. ಹೊಳೆಯಲ್ಲಿ ಮುಳುಗಿದ ಮಗನನ್ನು ತಾಯಿ ದಂಡೆಯ ಮೇಲೆ ನಿಂತು ಮೂರು ಸಲ ಹೆಸರು ಹಿಡಿದು ಕೂಗುತ್ತಾಳೆ. ತಾಯಿ ನಾನು. ಮಗನ ಹೆಸರು, ಹೊಳೆಗೆ ಹೊಂದಲೆಂದು, ಹೊಳಬಸಪ್ಪ!

ನಿಮ್ಮದೇ ಹೆಸರು! ಬರೆಯಲು ಅಡ್ಡಿಯಿಲ್ಲ, ಲಕೋಟೆಯ ಮೇಲೆ ಬರೆಯುತ್ತಲೇ ಇರುತ್ತೇನೆ. ಬಾಯಿಂದ ಹೇಗೆ ಹೇಳಲಿ?

"ಅಣ್ಣಾರ, ಬ್ಯಾರೆ ಹೆಸರಿಡ್ರಿ. ಅದು ನಮ್ಮನಿಯವರ ಹೆಸರರಿ" ಎಂದೆ.

"ನಾಟಕದ ಹೆಸರಽ 'ಹೊಳಿಗೆ ಹೋದ ಹೊಳಬಸಪ್ಪ' ಐತಿ ತಂಗಿ. ಬೋರ್ಡಿನ ಮ್ಯಾಲ ಬಣ್ಣಾನೂ ಒಣಗೈತಿ" ಎಂದರು.

ತಾಲೀಮಿನಲ್ಲಿ ಹೊಳೆಯ ಕಡೆ ಕೈಚಾಚಿ, "ಏನ್ರೀ! ಎಲ್ಲದೀರಿ?" ಎಂದು ಕೂಗಿದೆ. ಸತ್ತ ಮಗನಾಗಿ ಮಲಗಿದ್ದ ಅಮಾತೆಪ್ಪ ಮಾಸ್ತರರು ಎದ್ದು ಕೂತು ನಕ್ಕರು. ಶಿಬಿರದ ಸರ್ ಬೆಂಗಳೂರಿನವರು. "ಮಗನಿಗೆ ಯಾರಮ್ಮಾ ಏನ್ರೀ ಅಂತಾರೆ? ಆಗದಿದ್ದರೆ ಪಾತ್ರ ಬೇರೆಯವರಿಗೆ ಕೊಡ್ತೀನಿ" ಎಂದರು. ಚಿಕ್ಕಂದಿನಿಂದ ಕನ್ನಡಿಯ ಮುಂದೆ ಆಡಿದವಳಿಗೆ ಕಡೆಗೂ ಸಿಕ್ಕ ಪಾತ್ರ, ಬಿಟ್ಟುಕೊಡಲಾದೀತೇ?

ಒಂದು ಉಪಾಯ ಹೊಳೆಯಿತು. ಒಡಪು ಕಟ್ಟಿ, ಪ್ರಾಸದೊಳಗೆ ಗಂಡನ ಹೆಸರು ಹೇಳಿದರೆ ದೋಷವಿಲ್ಲವಲ್ಲ. ಬೆಳಗಿನ ಆಟದಲ್ಲಿ, ತುಂಬಿದ ಸಭೆಯಲ್ಲಿ, ಸೆರಗು ಸರಿಮಾಡಿಕೊಂಡು ಹಾಕಿಯೇಬಿಟ್ಟೆ:

"ಬಾದಾಮಿ ಗುಡ್ಡದಾಗ ಕೆಂಪನ ಕಲ್ಲ, ಹೊಳಬಸಪ್ಪನವರಂಥ ಹಟಮಾರಿ ಎಲ್ಲೂ ಇಲ್ಲ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸರು "ಇನ್ನೊಂದ ಹೇಳವಾ" ಎಂದರು. ಎರಡನೆಯ ಕೂಗಿಗೂ ಒಡಪೇ. ಜಾಫರಸಾಬರು ಪರದೆಯ ಸಂದಿಯಿಂದ ಕೈಮುಗಿದು, "ತಂಗಿ, ಮಗಾ ಸತ್ತಾನವಾ!" ಎಂದರು.

ಆ ಮಾತಿಗೆ ನನಗೇನಾಯಿತೋ. "ಹೊಳಬಸಪ್ಪಾ!" ಎಂದು ಗಂಟಲು ಹರಿಯುವಂತೆ ಒದರಿದೆ. ಒಡಪಿಲ್ಲ, ರೀ ಇಲ್ಲ. ಸಭೆ ಗಪ್ಪಾಯಿತು. ನಾನು ಖರೆಯೇ ಅತ್ತೆ. ಅವತ್ತು ಬೆಳಿಗ್ಗೆ ನಿಮಗೆ ಬಿಕ್ಕಳಿಕೆ ಬಂತೇ?

ಧಾರವಾಡಕ್ಕೆ ನಾವೇ ಹೋಗುತ್ತೇವೆ. ಸತ್ತವನಿಗೆ ನಿಮ್ಮ ಹೆಸರಿಟ್ಟ ತಪ್ಪಿಗೆ ಜಾಫರಸಾಬರು ದರ್ಗಾದಲ್ಲಿ ಸಕ್ಕರೆ ಇಟ್ಟು ಫಾತಿಹಾ ಓದಿಸಿದ್ದಾರೆ. ನಮ್ಮ ಬಸವಣ್ಣನೂ ನಿಮಗೆ ನೂರು ವರ್ಷ ಕೊಡಲಿ. ಶನಿವಾರ ದಾರಿ ನೋಡುತ್ತೇನೆ.

ನಿಮ್ಮ ಮನೆಯಾಕೆ

ತಾ.ಕ.: ಬಹುಮಾನ ಕೊಡುವಾಗ "ಗುರುಸಿದ್ದವ್ವ" ಎಂದು ಎರಡು ಸಲ ಕರೆದರು. ಯಾರಿರಬಹುದು ಎಂದು ನಾನೂ ಹಿಂದೆ ತಿರುಗಿ ನೋಡಿದೆ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಸಾಲೆಯಲ್ಲಿ ಅಕ್ಕೋರು, ಓಣಿಯಲ್ಲಿ ಬ್ಯಾಂಕಿನವರ ಹೆಂಡತಿ, ನಿಮ್ಮ ಬಾಯಲ್ಲಿ "ಏ, ಕೇಳಿಲ್ಲೇನ?" ನನಗೆ ಪದ್ಧತಿ ಅಡ್ಡ ಇತ್ತು. ನಿಮಗೇನು ಅಡ್ಡ ಇತ್ತು? ಶನಿವಾರ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ. ನಾಚಿಕೆಯಾದರೆ ಒಡಪು ಹಾಕಿ. ಅಲ್ಲಿಯವರೆಗೆ ನಾನು ಚಿಲಕ ತೆಗೆಯುವುದಿಲ್ಲ.

ಗುರುಸಿದ್ದವ್ವ