ತುಟ್ಟಿಗೆ ಎಷ್ಟೊಂದು ಮಾತು

ಮಾರ್ಚ್ 4, ಮಂಗಳವಾರ

ಇಡೀ ದಿನ ಪರದೆ ಬಿಡಿಸು, ತೋರಿಸು, ಮಡಿಸು. ತೋಳು ಬಿದ್ದುಹೋಗಿವೆ. ಮರ್ಯಾದೆಯೂ.

ಗೋದಾಮಿನಿಂದ ಮೇಲಿನ ಅಂಗಡಿಗೆ ಬಂದು ಇನ್ನೂ ತಿಂಗಳಾಗಿಲ್ಲ. ಇವತ್ತು ಹೋಟೆಲ್ ಮೇಡಂ ಒಬ್ಬರು ಬಂದಿದ್ದರು. ಹೊಸ ಹೋಟೆಲ್ ಕಟ್ಟಿಸಿದ್ದಾರೆ, ಕೋಣೆಗಳಿಗೆಲ್ಲ ಪರದೆ ಬೇಕು. ಬರೀ ಇಂಗ್ಲಿಷು. ದಪ್ಪ ಪರದೆಯ ಬೆಲೆ ನೋಡಿ, “ಎ ಬಿಟ್ ಸ್ಟೀಪ್” ಅಂದರು. ಸ್ಟೀಪ್ ಅಂದರೆ ಕಡಿದಾದದ್ದು. ಅಷ್ಟು ಗೊತ್ತು, ಶಾಲೆಯಲ್ಲಿ ಬೆಟ್ಟದ ಪಾಠದಲ್ಲಿತ್ತು. ನಮ್ಮ ಅಂಗಡಿಯ ಮೆಟ್ಟಿಲೂ ಹಾಗೇ ಇವೆ. ಪಾಪ, ಮಂಡಿ ನೋವಿರಬೇಕು... “ಲಿಫ್ಟ್, ಮೇಡಂ! ದಿಸ್ ಸೈಡ್!” ಎಂದು ಕೈ ತೋರಿಸಿದೆ.

ನಕ್ಕರು. ನಗುತ್ತಲೇ ಲಿಫ್ಟ್ ಹತ್ತಿ ಇಳಿದುಹೋದರು.

ಯಜಮಾನರು ನಗಲಿಲ್ಲ. “ರೇಟು ಜಾಸ್ತಿ ಆಯ್ತು ಅಂದಿದ್ದಮ್ಮ ಅವ್ರು! ಚೌಕಾಸಿಗೆ ಶುರು ಮಾಡಿದ್ರು. ನೀವು ದಾರಿ ತೋರಿಸಿ ಕಳಿಸ್ಬಿಟ್ರಿ!”

ಇಂಗ್ಲಿಷ್ ಕಲಿಯಬೇಕಂತೆ. ಇಲ್ಲದಿದ್ದರೆ ಮತ್ತೆ ಗೋದಾಮು. ಅಲ್ಲಿ ಕಿಟಕಿಯೇ ಇಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ವರ್ಷಗಟ್ಟಲೆ ಪರದೆ ಮಡಿಸಿದವಳು ನಾನು. ಒಲ್ಲೆ.

ಮಾರ್ಚ್ 6, ಗುರುವಾರ

ಕ್ಲಾಸಿಗೆ ಸೇರಿದೆ. ಔಷಧಿ ಅಂಗಡಿಯ ಮೇಲೆ, ಒಂದೇ ಕೋಣೆ. ಟೀಚರ್ ಚಿಕ್ಕ ಹುಡುಗಿ, ನನ್ನನ್ನು ಆಂಟಿ ಅನ್ನುತ್ತಾಳೆ. ಪಕ್ಕದಲ್ಲಿ ಕೂತವರು ಗಡಿಯಾರ ರಿಪೇರಿಯವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತಂತೆ. ಏನು ತೋರಿಸಿದರೂ ಮೂಗಿನ ಹತ್ತಿರ ತಂದುಕೊಂಡು ನೋಡುವ ಅಭ್ಯಾಸ.

ಲಿಫ್ಟಿನ ಕಥೆ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೊಬ್ಬರೇ, “ಮೆಟ್ಟಿಲು ಕಡಿದಾಗಿರೋದು ನಿಜ ತಾನೇ? ಮತ್ತೆ ತಪ್ಪೇನು?” ಅಂದರು.

ಟೀಚರ್ ಅದನ್ನೇ ಪಾಠ ಮಾಡಿಬಿಟ್ಟಳು. ಎಕ್ಸ್‌ಪೆನ್ಸಿವ್, ಪ್ರೈಸಿ, ಸ್ಟೀಪ್, ಎಲ್ಲವೂ ತುಟ್ಟಿಯೇ. ಕಾಸ್ಟ್ಲಿ ನಮ್ಮ ಮನೆಯದೇ ಮಾತು, ಅಕ್ಕ ಟೊಮೆಟೊ ಕಂಡಾಗಲೆಲ್ಲ ಅನ್ನುತ್ತಾಳೆ. ಎಕ್ಸಾರ್ಬಿಟೆಂಟ್ ಅಂತ ಇನ್ನೊಂದು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿ ಮನೆ ಸೇರಿರುತ್ತಾನೆ. ತೀರಾ ಅನ್ಯಾಯದ ಬೆಲೆಗೆ ಡೇಲೈಟ್ ರಾಬರಿ. ಅರೆ, ನಮ್ಮ ಹಗಲು ದರೋಡೆ! ಅವರೂ ನಮ್ಮ ಹಾಗೇ ಬೈಯುತ್ತಾರೆ ಅಂದಮೇಲೆ ಭಯವೇಕೆ?

ಡಿಯರ್ ಅಂದರೂ ದುಬಾರಿಯಂತೆ. ಕೈ ಎತ್ತಿದೆ. “ರಜಾ ಅರ್ಜಿಲಿ ಡಿಯರ್ ಸರ್ ಅಂತ ಬರೀತಿದ್ವಲ್ಲ, ಮೇಷ್ಟ್ರು ತುಟ್ಟಿ ಅಂತಾನಾ?”

ಟೀಚರ್ ಮೇಜು ಹಿಡಿದುಕೊಂಡು ನಕ್ಕಳು. “ಸಾಮಾನಿಗೆ ಹೇಳಿದ್ರೆ ದುಬಾರಿ ಆಂಟಿ. ಮನುಷ್ಯರಿಗೆ ಹೇಳಿದ್ರೆ ಪ್ರೀತಿ.”

ಮಾರ್ಚ್ 11, ಮಂಗಳವಾರ

ಇವತ್ತು ಕ್ಲಾಸಿನಲ್ಲಿ ಅಂಗಡಿ ಆಟ. ನಾನು ಅಂಗಡಿಯವಳು, ಗಡಿಯಾರದವರು ಗಿರಾಕಿ. ಮೇಜಿನ ಬಟ್ಟೆಯೇ ಪರದೆ. ಚೆನ್ನಾಗಿ ಬಿಡಿಸಿ ಹಿಡಿದೆ, ಒಂದು ದೊಡ್ಡ ರೇಟು ಹೇಳಿದೆ. ಅವರು “ಇಟ್ ಈಸ್ ಟೂ ಡಿಯರ್” ಅನ್ನಬೇಕಿತ್ತು. ಬಟ್ಟೆ ನೋಡಿದರು. ನನ್ನನ್ನು ನೋಡಿದರು.

“ಯೂ... ಯೂ ಆರ್ ಟೂ ಡಿಯರ್.”

ಕೋಣೆಯೇ ಹಾರಿಹೋಗುವಂಥ ನಗು. ನಾನೂ ನಕ್ಕೆ, ಏನು ಮಾಡಬೇಕೋ ತೋಚದೆ. ಅವರ ಕಿವಿ ಕೆಂಪಾದವು. ಅಂಗಡಿ ಬಾಗಿಲು ಹಾಕಿಲ್ಲ ಅಂತೇನೋ ಗೊಣಗಿ ಎದ್ದು ಹೋದರು.

ನಗಬಾರದಿತ್ತು.

ಮಾರ್ಚ್ 20, ಗುರುವಾರ

ಗಡಿಯಾರದವರು ಇವತ್ತೂ ಬರಲಿಲ್ಲ. ತುಟ್ಟಿಗೆ ಇನ್ನೆರಡು ಮಾತು, ರಿಪ್-ಆಫ್ ಕಲಿತೆ, ಓವರ್‌ಪ್ರೈಸ್ಡ್ ಕಲಿತೆ. ಪಕ್ಕಕ್ಕೆ ತಿರುಗಿ ಹೇಳೋಣವೆಂದರೆ ಖಾಲಿ ಬೆಂಚು.

ಅಕ್ಕ ಬಾಗಿಲಲ್ಲೇ ಹಿಡಿದಳು. “ಆ ಟೀಚರ್ ಹೊಡೀತಾಳೇನೇ? ಹೋಗೋವಾಗ ಇದ್ದ ಮುಖ ಬರೋವಾಗ ಇರಲ್ಲ.”

ತಲೆನೋವು ಅಂದೆ. ನಂಬಲಿಲ್ಲ.

ಮಾರ್ಚ್ 25, ಮಂಗಳವಾರ

ಹೋಟೆಲ್ ಮೇಡಂ ಮತ್ತೆ ಬಂದರು! ಊರೆಲ್ಲ ಸುತ್ತಿ ನೋಡಿದರಂತೆ. ಯಜಮಾನರು ಗಲ್ಲಾದಿಂದ ನನ್ನ ಮೇಲೇ ಕಣ್ಣು ನೆಟ್ಟಿದ್ದರು. ಬೆಳಕು ತಡೆಯುವ ಆ ದಪ್ಪ ಪರದೆಯನ್ನೇ ಮುಟ್ಟಿ, ಬೆಲೆ ನೋಡಿ, ಮೇಡಂ ಹುಬ್ಬೇರಿಸಿದರು. “ದಿಸ್ ಈಸ್ ಡೇಲೈಟ್ ರಾಬರಿ!”

ಅರ್ಥವಾಯಿತು. ಒಂದೇ ಏಟಿಗೆ. ಬಾಯಿ ತಾನಾಗಿ ತೆರೆಯಿತು. “ಯೆಸ್ ಮೇಡಂ. ದಟ್ ಈಸ್ ಇಟ್ಸ್ ಜಾಬ್.” ಕಿಟಕಿಗೆ ತೂಗುಹಾಕಿದ್ದ ಆ ಪರದೆಯನ್ನು ಸರ್ರನೆ ಎಳೆದೆ. ಕೋಣೆ ಕತ್ತಲು. “ಆಲ್ ಡೇಲೈಟ್ ಗಾನ್!”

ಕತ್ತಲಲ್ಲಿ ಅವರ ನಗು ಕೇಳಿಸಿತು. ಎಂಥ ನಗು! ಆಮೇಲೆ ಚೌಕಾಸಿ ನಡೆದದ್ದು ಇಬ್ಬರು ಗೆಳತಿಯರ ಹಾಗೆ. ಅವರು ಸ್ವಲ್ಪ ಏರಿದರು, ನಾನು ಸ್ವಲ್ಪ ಇಳಿದೆ. ಎಲ್ಲ ಕೋಣೆಗೂ ನಮ್ಮದೇ ಪರದೆ.

ಯಜಮಾನರು, “ಇನ್ನು ಮೇಲಂತಸ್ತು ನಿಮ್ಮದೇ ಜವಾಬ್ದಾರಿ” ಅಂದರು. ಗೋದಾಮಿನ ಮಾತೇ ಇಲ್ಲ.

ಖುಷಿಗೆ ಕಾಲು ನೆಲದ ಮೇಲಿಲ್ಲ. ಯಾರಿಗಾದರೂ ಹೇಳಬೇಕು. ಯಾರಿಗಾದರೂ ಏನು... ಯಾರಿಗೆ ಅಂತ ಗೊತ್ತೇ ಇದೆ.

ಮಾರ್ಚ್ 26, ಬುಧವಾರ

ಹೋದೆ. ಗೋಡೆ ತುಂಬ ಗಡಿಯಾರ, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿತ್ತು. ಅವರು ಕಣ್ಣಿಗೆ ಸಿಕ್ಕಿಸಿದ್ದ ಮಸೂರ ನನ್ನನ್ನು ಕಂಡು ಉದುರಿಬಿತ್ತು.

“ವಾಚ್ ಕೆಟ್ಟಿದೆಯಾ?”

“ವಾಚ್ ಚೆನ್ನಾಗೇ ಇದೆ. ನೀವ್ಯಾಕೆ ಕ್ಲಾಸಿಗೆ ಬರ್ತಿಲ್ಲ?”

“ಇಂಗ್ಲಿಷ್ ನನ್ನ ತಲೆಗೆ ಹತ್ತಲ್ಲ ಬಿಡಿ. ಇಟ್ ಅನ್ನೋ ಕಡೆ ಯೂ ಅಂದ್ಬಿಟ್ಟೆ.”

“ಬಾಯಿ ತಪ್ಪಿ ಬಂತಾ?”

ಒಂದು ಸಣ್ಣ ತಿರುಪನ್ನು ಬೆರಳಲ್ಲಿ ಹೊರಳಿಸುತ್ತಾ ಕೂತರು. ಆಮೇಲೆ ಮೆಲ್ಲಗೆ, “ಬಾಯಿ ತಪ್ಪಿದ್ದು ನಿಜ. ಆದ್ರೆ ಮನಸ್ಸಲ್ಲಿ ಇಲ್ದೇ ಇರೋದು ಬಾಯಿಗೆ ಎಲ್ಲಿಂದ ಬರುತ್ತೆ ಹೇಳಿ?”

ಪರದೆ ಮಾರಿದ ಬಾಯಿ ಎಲ್ಲಿ ಹೋಯಿತೋ!

“ನಾನು ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ” ಅಂದೆ. “ಏನ್ಮಾಡ್ಬೇಕು ತಿಳೀಲಿಲ್ಲ.”

“ಈಗ ತಿಳೀತಾ?”

“ಭಾನುವಾರ ಮನೆಗೆ ಬನ್ನಿ. ಅಕ್ಕನೂ ಇರ್ತಾಳೆ. ಕನ್ನಡದಲ್ಲೇ ಮಾತಾಡೋಣ.”

ಮಾರ್ಚ್ 30, ಭಾನುವಾರ, ಸಂಜೆ ನಾಲ್ಕೂವರೆ

ಐದಕ್ಕೆ ಬರುತ್ತೇನೆ ಅಂದಿದ್ದಾರೆ. ಅಕ್ಕ ಬೆಳಿಗ್ಗೆಯಿಂದ ಕುರ್ಚಿ ಒರೆಸಿದ್ದೇ ಒರೆಸಿದ್ದು. “ಗಡಿಯಾರದವರಂತೆ. ಟೈಮಿಗೆ ಸರಿಯಾಗಿ ಬರ್ತಾರೋ ಇಲ್ವೋ ನೋಡೇಬಿಡ್ತೀನಿ. ಆಮೇಲೆ ಮಿಕ್ಕಿದ್ದು.” ಮಿಕ್ಕಿದ್ದು ಅಂದರೆ ಏನೇನೋ! ಮನಸ್ಸಿನಲ್ಲೇ ಪ್ರಶ್ನೆ ಜೋಡಿಸಿಕೊಂಡಿದ್ದಾಳೆ, ತುಟಿ ಅಲ್ಲಾಡುತ್ತಿದೆ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಇದೇನು ಎದೆ ಹೀಗೆ ಹೊಡೆದುಕೊಳ್ಳುವುದು...

ಬಾಗಿಲ ಗಂಟೆ! ಇಷ್ಟು ಬೇಗ! ಅಕ್ಕ ನನಗಿಂತ ಮೊದಲೇ ಓಡಿದಳು. ಅಯ್ಯೋ, ಅವಳು ಬಾಗಿಲಲ್ಲೇ ಪ್ರಶ್ನೆ ಶುರುಮಾಡಿದರೆ, ನಾನು—