ಐವತ್ತರ ಮೇಲಿನ ಏಳು ಜನ

ಹೊನ್ನಾವರ
೧೪ ಜೂನ್ ೧೯೬೨

ಪ್ರೀತಿಯ ಶ್ರೀಮತಿ,

ನಿನ್ನ ಪತ್ರ ಅಡಿಗೆಮನೆಯ ಗೂಡಿನಲ್ಲಿ ಕೂತು ಕೂತು ಅಂಚೆಲ್ಲ ಮಸಿ ಹಿಡಿದಿದೆ. ಉತ್ತರ ಎಷ್ಟು ತಡವಾಯಿತೆಂದು ಅದನ್ನು ನೋಡಿದರೇ ತಿಳಿದೀತು. ಸಿಟ್ಟು ಮಾಡಬೇಡ. ನಡುವೆ ಒಂದು ಪತ್ರ ಬರೆದಿದ್ದೆ, ಹರಿದು ಒಲೆಗೆ ಹಾಕಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಾವೆಲ್ಲ ಕ್ಷೇಮ. ಸೋಮನಿಗೆ ಕೆಳಗಿನ ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ. ಮೊನ್ನೆ ಅಜ್ಜಿಯ ಎಲೆಯಡಿಕೆ ಕವಳದ ಸಂಚಿಯನ್ನೇ ಕಚ್ಚಿದ. ನನ್ನ ನಿದ್ದೆಯ ವಿಷಯ ಕೇಳಿದ್ದೀ. ತೊಟ್ಟಿಲ ಕೊಂಡಿ ಗಟ್ಟಿಯಿದೆಯೇ ಎಂದು ಎದ್ದೆದ್ದು ಜಗ್ಗಿ ನೋಡುವ ಚಟ ಬಿಟ್ಟಿರಲಿಲ್ಲ. "ಅದು ಆನೆ ಕಟ್ಟೂ ಕೊಂಡಿ ಮಾರಾಯ್ತಿ, ಮಲಗು" ಎಂದು ಅತ್ತೆ ಬೈಯುತ್ತಿದ್ದರು. ನಾನು ಎದ್ದಾಗೆಲ್ಲ ಪಕ್ಕದಲ್ಲಿ ಇವರೂ ಎಚ್ಚರವಿರುತ್ತಿದ್ದರು. ಅವರು ಮಾತ್ರ ನನ್ನನ್ನು ಬೈಯುತ್ತಿರಲಿಲ್ಲ.

ಕಾರಖಾನೆಯ ಗಲಾಟೆ ನಿನ್ನ ಕಿವಿಗೂ ಬಿದ್ದಿದೆ. ಚರ್ಚಾಸ್ಪರ್ಧೆಗೆ ಬಾಯಿಪಾಠ ಮಾಡಿದ ಭಾಷಣ ಬಿಟ್ಟರೆ ತುಟಿ ಎರಡು ಮಾಡದವಳು ಸರಕಾರಿ ಅಧಿಕಾರಿಯ ಎದುರು ಹೇಗೆ, ಯಾಕೆ ಬಾಯಿ ಹಾಕಿದೆ ಎಂದು ಕೇಳಿದ್ದೀ. ಮೊದಲಿನಿಂದ ಹೇಳುತ್ತೇನೆ.

ಇವರು ಮೇಲ್ವಿಚಾರಕರಾಗಿರುವ ಹೆಂಚಿನ ಕಾರಖಾನೆ ಶರಾವತಿಯ ದಡದಲ್ಲಿದೆ, ನಮ್ಮ ಮನೆಯಿಂದ ಕೂಗಳತೆ. ಗಂಡಸರು ಮಣ್ಣು ಹದ ಮಾಡಿ ಯಂತ್ರದಲ್ಲಿ ಹೆಂಚು ಒತ್ತುತ್ತಾರೆ. ಹೆಂಗಸರು ಹಸಿ ಹೆಂಚಿನ ಅಂಚು ಕೆತ್ತಿ, ಚಪ್ಪರದ ನೆರಳಲ್ಲಿ ಆಳೆತ್ತರದ ಹಲಗೆಗಳ ಮೇಲೆ ಒಣಗಲು ಜೋಡಿಸುತ್ತಾರೆ. ಮನೆಯಲ್ಲಿ ಬಿಟ್ಟುಬರಲಾಗದ ಕೂಸುಗಳಿಗೆ ಆ ಹಲಗೆಗಳ ಕೆಳಗೇ ಹಳೇ ಸೀರೆಯ ಜೋಲಿ. ಮೇಲೆ ಮಣಗಟ್ಟಲೆ ಹೆಂಚು, ಕೆಳಗೆ ಮಗು.

ಏಪ್ರಿಲ್‌ನಲ್ಲಿ ಕಾರಖಾನೆಗಳ ಇನ್‌ಸ್ಪೆಕ್ಟರರು ಬಂದರು. ಅವರಿಗೆ ಭಟ್ಟಿ ತೋರಿಸಿದರು, ಯಂತ್ರ ತೋರಿಸಿದರು, ಚಪ್ಪರದ ಕಡೆಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಆಮೇಲೆ ಚಹಕ್ಕೆ ನಮ್ಮ ಮನೆಗೆ ಬಂದರು. ನಾನು ಸೋಮನನ್ನು ಸೊಂಟದಲ್ಲಿಟ್ಟುಕೊಂಡೇ ಕಪ್ಪು ಕೊಟ್ಟೆ. "ಮಗುವಿಗೆ ಎಷ್ಟು ತಿಂಗಳು?" ಎಂದು ಕೇಳಿದರು. ಅಷ್ಟೇ ಸಾಕಾಯಿತು ನೋಡು. "ಐದು. ಚಪ್ಪರದ ಕೆಳಗಿನ ಮಕ್ಕಳನ್ನೂ ನೋಡಿದಿರಾ?" ಎಂದುಬಿಟ್ಟೆ. ಇವರ ಕೈಯ ಬಸಿ ಅಲ್ಲೇ ನಿಂತಿತು. ಅಧಿಕಾರಿ ಚಹ ಅರ್ಧಕ್ಕೇ ಬಿಟ್ಟು ಎದ್ದರು.

ಹೋದ ಮೇಲೆ ಇವರು, "ನನ್ನ ಮುಖ ನೋಡದೆ ಹೇಳಿದೆಯಲ್ಲ" ಎಂದರು.

ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅವರ ಮಕ್ಕಳಿಗೆ ಪ್ರತ್ಯೇಕ ಕೋಣೆ ಬೇಕು. ನೋಟೀಸು ಬಂದ ದಿನ ಯಜಮಾನ ಮಾಬ್ಲ ನಾಯ್ಕರು ನಮ್ಮ ಜಗಲಿಗೇ ಬಂದು ಕೂತರು. ಕೆಟ್ಟವರಲ್ಲ ಅವರು. ಒಂದು ಯಂತ್ರದಿಂದ ಶುರುಮಾಡಿ, ತಾವೂ ಮಣ್ಣು ಹೊತ್ತು ಮೇಲೆ ಬಂದವರು.

"ಗಾಳಿಗೆ ಕಿಟಕಿ, ಮಲಗೂಕೆ ತೊಟ್ಟಿಲು, ಕುಡಿಯೂಕೆ ಹಾಲು, ನೋಡೂಕೆ ಒಬ್ಳು ಆಯಾ. ನನ್ನ ಮಕ್ಕಳಿಗೇ ಇಷ್ಟೆಲ್ಲ ಇರ್ಲಿಲ್ಲ. ತಂಗಿ, ನೀನು ಓದಿದವಳು, ಹೇಳು ನೋಡ್ವಾ. ನಾನು ಹೆಂಚು ಮಾಡೂದೊ, ಮಕ್ಕಳ ಸಾಕೂದೊ?"

ಅವರೇ ನಕ್ಕರು. "ಸರಕಾರದವ್ರೇ ದಾರಿ ಬರ್ದಿದ್ದಾರೆ. ಐವತ್ತರ ಮೇಲೆ ಹೋದ್ರೆ ಮಾತ್ರ ಕೋಣೆ. ನಾನು ಐವತ್ತಕ್ಕೇ ನಿಲ್ತೆ. ಕಾಯ್ದೆ ನಡೆಸಿದ ಹಾಗೂ ಆತು."

ಇದ್ದವರು ಐವತ್ತೇಳು ಹೆಂಗಸರು. ಆ ಶನಿವಾರ ಏಳು ಜನರನ್ನು ಬಿಡಿಸಿದರು. ಯಾರನ್ನು ಎಂದು ನಿನಗೆ ಹೇಳಬೇಕೇ? ಕೂಸಿದ್ದವರನ್ನೇ. ಅವರಲ್ಲಿ ಬಂಗಾರಿಯೂ ಒಬ್ಬಳು. ಮಗಳು ಸಣ್ಣಿಯನ್ನು ಬೆನ್ನಿಗೆ ಕಟ್ಟಿಕೊಂಡು ನಮ್ಮ ಬಾಗಿಲ ಮುಂದೆಯೇ ಹೋದಳು, ಈ ಕಡೆ ತಿರುಗಲಿಲ್ಲ. ಹಿಂದಿನಿಂದ ಬರುತ್ತಿದ್ದ ತಿಮ್ಮಿ ಮಾತ್ರ ನಿಂತು, "ಅಮ್ಮಾ, ನಮ್ಮ ಮಕ್ಕಳಿಗೆ ಒಳ್ಳೇದು ಮಾಡೂಕೆ ಹೋಗಿ ನಮ್ಮನ್ನೇ ಮನೆಗೆ ಕಳ್ಸಿದ್ರಿ. ಇನ್ನು ಅವು ಮನೇಲೇ ಹಸ್ಕೊಂಡು ಮಲಗ್ತವೆ, ಹಲಗೆ ಬೀಳೂ ಹೆದ್ರಿಕೆ ಇಲ್ಲ" ಎಂದಳು.

ಆ ರಾತ್ರಿ ಬರೆದದ್ದೇ ನಾನು ಒಲೆಗೆ ಹಾಕಿದ ಪತ್ರ. ಧಾರವಾಡದ ಆ ಚರ್ಚಾಸ್ಪರ್ಧೆ ನೆನಪಿದೆಯಲ್ಲ, ಉದ್ಯಮಗಳ ಮೇಲೆ ಸರಕಾರದ ಹತೋಟಿ ಬೇಕೇ ಬೇಡವೇ ಎಂದು? ನಾನು ಬೇಕು ಎಂದಿದ್ದೆ, ಬಹುಮಾನದ ಕಪ್ಪು ನನಗೇ ಬಂತು. ನೀನು, ಪ್ರತಿ ಕಟ್ಟಳೆಗೂ ಉಳ್ಳವನು ಒಂದು ಕಿಂಡಿ ಹುಡುಕುತ್ತಾನೆ, ಅದರ ಭಾರ ಬೀಳುವುದು ಕೈಲಾಗದವನ ಮೇಲೆ ಎಂದಿದ್ದೆ. ನಿನ್ನ ಮಾತೇ ನಿಜವಾಯಿತು, ಆ ಕಪ್ಪನ್ನು ನಿನಗೇ ಕಳಿಸಿಕೊಡುತ್ತೇನೆ ಎಂದು ಆ ಪತ್ರದಲ್ಲಿ ಬರೆದಿದ್ದೆ. ಮಡಚುವಾಗ ಸೋಲು ಒಪ್ಪಲು ಕೈ ಬರಲಿಲ್ಲ.

ಸೋಮವಾರ ಒಂದು ವಿಚಿತ್ರವಾಯಿತು. ಉಳಿದ ಐವತ್ತರಲ್ಲಿ ಒಬ್ಬಳೂ ಕೆಲಸಕ್ಕೆ ಬರಲಿಲ್ಲ. ಸಂಘವಿಲ್ಲ, ಬಾವುಟವಿಲ್ಲ, ಘೋಷಣೆಯಿಲ್ಲ. ಕರೆತರಲು ಯಜಮಾನರು ಇವರನ್ನೇ ಕಳಿಸಿದರು. ಇವರು ನೇರ ಹನುಮಕ್ಕನ ಮನೆಗೆ ಹೋದರು. ಹನುಮಕ್ಕ ಅವರಲ್ಲೆಲ್ಲ ಹಿರಿಯಳು, ಸಸಿ ನೆಡುವ ನೆಟ್ಟಿಯ ಕಾಲಕ್ಕೆ ಗದ್ದೆಯಲ್ಲಿ ಸಾಲಿನ ತುದಿಗೆ ನಿಂತು ಪದ ಎತ್ತಿಕೊಡುವವಳು. ಅಂಗಳದಲ್ಲಿ ಸೊಪ್ಪಿನ ಮಡಿಗೆ ನೀರು ಹಾಕುತ್ತಿದ್ದಳಂತೆ.

"ನೆಟ್ಟಿಗೆ ಕರೆದ್ರೆ ಇಡೀ ಸಾಲು ಬತ್ತದೆ, ಇಲ್ದಿದ್ರೆ ಯಾರೂ ಬರೂದಿಲ್ಲ. ಅದು ನಮ್ಮ ಅಬ್ಬೆ ಕಾಲದ್ದು. ಗದ್ದೆಗೆ ಒಂದು, ಹೆಂಚಿಗೆ ಒಂದು ಉಂಟೊ ಮಗಾ?" ಎಂದಳಂತೆ.

"ಕೂಲಿ ಜಾಸ್ತಿ ಕೊಡ್ತಾರಂತೆ" ಎಂದರಂತೆ ಇವರು.

"ಆ ಏಳು ಜನಕ್ಕೆ ಕೊಡೂಕೆ ಹೇಳು. ಆಮೇಲೆ ನಾವು ಬತ್ತೇವೆ."

ಮಾಬ್ಲ ನಾಯ್ಕರು ಮೊದಲ ದಿನ ನಕ್ಕರು. ಆದರೆ ಹಸಿ ಹೆಂಚು ಕಾಯುವುದಿಲ್ಲ. ಹದ ತಪ್ಪುವ ಮೊದಲು ಅಂಚು ಕೆತ್ತಿ ತಿರುವಿ ಹಾಕದಿದ್ದರೆ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಕಡಲ ಕಡೆಯಿಂದ ಮೋಡ ಏರತೊಡಗಿತ್ತು. ಮಳೆಗೆ ಮುಂಚೆ ಭಟ್ಟಿ ತುಂಬದಿದ್ದರೆ ವರ್ಷದ ಕೆಲಸ ಮತ್ತೆ ಮಣ್ಣಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಯಜಮಾನರು ಇವರಿಗೆ, "ಹೋಗು ವೆಂಕಟ್ರಮಣ, ಎಲ್ರನ್ನೂ ಕರಿ. ತೊಟ್ಟಿಲೂ ಬರ್ಲಿ, ಆಯಾನೂ ಬರ್ಲಿ. ಆ ಮುದುಕಿಯನ್ನೇ ಆಯಾ ಮಾಡು, ಹೆಂಚಿನ ಹತ್ರ ಬಿಟ್ರೆ ನಾಳೆ ನನ್ನನ್ನೇ ಸಾಲಿಗೆ ನಿಲ್ಲಿಸ್ತಾಳೆ" ಎಂದರು.

ನದಿಯ ಕಡೆ ಗೋಣಿಚೀಲ ತುಂಬಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆ ಸುಣ್ಣ ಹೊಡೆಸಿ, ಕಿಟಕಿ ಇಡಿಸಿದರು. ಐವತ್ತೇಳು ಜನವೂ ಬಂದರು. ಮಕ್ಕಳಿಗೆ ಹಾಲು ಬಂದದ್ದು ನೋಡಿ ತಿಮ್ಮಿ, "ಕೂಸಿಗೆ ಸರಕಾರ ಹಾಲು ಕೊಡ್ತು, ನಮ್ಮ ಗಂಡಂದಿರಿಗೆ ಎಂತ ಕೊಡ್ತದ್ಯೊ?" ಎಂದಳು. "ನಿನ್ನ ಗಂಡನನ್ನೂ ತಂದು ತೊಟ್ಟಿಲಿಗೆ ಹಾಕು, ನಾ ತೂಗ್ತೆ" ಎಂದಳು ಹನುಮಕ್ಕ. ಆ ನಗು ನಮ್ಮ ಅಡಿಗೆಮನೆಗೆ ಕೇಳಿಸಿತು. ಎಷ್ಟು ದಿನವಾಗಿತ್ತು ಅಂಥ ನಗು ಕೇಳದೆ. ಒಲೆಯ ಮುಂದೆ ಕೂತು ನಾನೂ ನಕ್ಕೆ, ಕಣ್ಣೂ ಒರೆಸಿಕೊಂಡೆ.

ಆದರೆ ಎಲ್ಲ ಸುಖವಾಯಿತು ಎಂದು ಬರೆದರೆ ನಿನಗೆ ಮೋಸ ಮಾಡಿದಂತೆ. ಕೋಣೆಗೂ ಆಯಾಳಿಗೂ ಖರ್ಚಾಯಿತೆಂದು, ತರಿಸಬೇಕಿದ್ದ ಹೊಸ ಯಂತ್ರವನ್ನು ಯಜಮಾನರು ಬೇಡವೆಂದುಬಿಟ್ಟಿದ್ದಾರೆ. ಆ ಯಂತ್ರಕ್ಕೆಂದೇ ಮೈದುನ ಮಾದೇವ ವರ್ಷದಿಂದ ಕಾದು ಕೂತಿದ್ದ. ಈಗ ಕೆಲಸ ಹುಡುಕಿಕೊಂಡು ತದಡಿಗೆ ಹೋಗಿದ್ದಾನೆ. "ನಿನ್ನ ಕಾಯ್ದೆ ಇನ್ನೊಬ್ರ ಮಕ್ಕಳಿಗೆ ಹಾಲು ಕೊಟ್ತು, ನನ್ನ ಮಗನ ಅನ್ನ ಕಿತ್ಕೊಂಡ್ತು" ಎಂದರು ಅತ್ತೆ. ಅದೂ ನಿಜವೇ. ಕಾಯ್ದೆಯೊಂದೇ ಇದ್ದಿದ್ದರೆ ಏಳು ಜನ ಮನೆಯಲ್ಲಿ ಕೂತಿರುತ್ತಿದ್ದರು. ಕಾಯ್ದೆಯೇ ಇಲ್ಲದಿದ್ದರೆ ಹನುಮಕ್ಕ ಇಡೀ ಸಾಲನ್ನು ನಿಲ್ಲಿಸಿದರೂ ಇಂಥ ಕೋಣೆ ಬರುತ್ತಿರಲಿಲ್ಲ. ಕಪ್ಪನ್ನು ಸದ್ಯಕ್ಕೆ ನಾನೇ ಇಟ್ಟುಕೊಳ್ಳುತ್ತೇನೆ. ನೀನು ಇಲ್ಲಿಗೆ ಬಂದಾಗ ಅದರಲ್ಲಿ ಇಬ್ಬರೂ ಚಹ ಕುಡಿಯೋಣ.

ನಿನ್ನ ಪುಟ್ಟಿಯ ಕೆಮ್ಮು ಹೇಗಿದೆ? ಎದೆಗೆ ಬಿಸಿ ಎಣ್ಣೆ ಹಚ್ಚು, ಥಂಡಿ ಗಾಳಿಗೆ ಒಯ್ಯಬೇಡ. ಅವಳಿಗೆ ನನ್ನ ಮತ್ತು ಸೋಮನ ಮುತ್ತುಗಳು. ನೂರು ವರ್ಷ ಬಾಳಲಿ, ನಿನ್ನಷ್ಟೇ ವಾದ ಮಾಡುವವಳಾಗಲಿ. ಮನೆಯ ಹಿರಿಯರಿಗೆ ನಮಸ್ಕಾರ ತಿಳಿಸು.

ನಿನ್ನ,
ಕಮಲಿ

ತಾ.ಕ.: ಯಾಕೆ ಬಾಯಿ ಹಾಕಿದೆ ಎಂಬ ನಿನ್ನ ಪ್ರಶ್ನೆಗೆ ಮೇಲೆ ಪೂರ್ತಿ ಉತ್ತರ ಕೊಟ್ಟಿಲ್ಲ. ಬಂಗಾರಿಗೆ ಸಣ್ಣಿಗಿಂತ ಮೊದಲು ಜಟ್ಟ ಎಂಬ ಗಂಡುಮಗುವಿತ್ತು. ನನ್ನ ಮದುವೆಯಾದ ವರ್ಷ, ಮಳೆಗೆ ಮುಂಚಿನ ಅವಸರದಲ್ಲಿ, ಹಲಗೆಯ ಮೇಲೆ ಇನ್ನೊಂದು ಸಾಲು ಹೆಂಚು ಏರಿಸಿ ಎಂದು ಹೇಳಿದವರು ಇವರೇ. ಆ ಹಲಗೆ ಮುರಿದು ಜಟ್ಟನ ಜೋಲಿಯ ಮೇಲೆ ಬಿತ್ತು. ಮಗು ಉಳಿಯಲಿಲ್ಲ. ಊರಿನವರು ಹಣೆಬರಹ ಎಂದರು. ಬಂಗಾರಿಯೂ ಸೇರಿ ಯಾರೂ ಇವರನ್ನು ಒಂದು ಮಾತು ಕೇಳಲಿಲ್ಲ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಸೋಮ ಹುಟ್ಟಿದ ಮೇಲೆ ನನಗೂ ಇಲ್ಲ.

ಹೊಸ ಕೋಣೆ ತೆರೆದ ದಿನ ಬಂಗಾರಿ ಎಲ್ಲರೆದುರು ಸಣ್ಣಿಯನ್ನು ತಂದು ಇವರ ಕೈಗೆ ಕೊಟ್ಟಳು. "ಮೊದ್ಲು ನೀವೇ ಮಲಗ್ಸಿ, ಒಡೆಯಾ" ಎಂದಳು. ಇವರು ಒಂದು ಕೈಯಲ್ಲಿ ಮಗುವನ್ನು ಎದೆಗೊತ್ತಿಕೊಂಡು ಇನ್ನೊಂದರಲ್ಲಿ ತೊಟ್ಟಿಲ ಕೊಂಡಿಯನ್ನು ಜಗ್ಗಿದರು. ಮತ್ತೆ ಜಗ್ಗಿದರು. "ಸಾಕು ಮಗಾ, ಗಟ್ಟಿ ಉಂಟು" ಎಂದು ಹನುಮಕ್ಕ ಭುಜ ಮುಟ್ಟಿದ ಮೇಲೆ ಮಲಗಿಸಿದರು.

ಅಂದು ರಾತ್ರಿ ನಮ್ಮ ತೊಟ್ಟಿಲ ಕೊಂಡಿಯನ್ನು ನೋಡಲು ನಾನು ಏಳಲಿಲ್ಲ. ಅವರು ಎದ್ದರೋ ಏನೋ, ಗೊತ್ತಿಲ್ಲ. ನನಗೆ ನಿದ್ದೆ ಬಂದಿತ್ತು.